ಗಾಳಿ ಬೇಕು, ನಡುಕ ಬೇಡ

ಕಟ್ಟಡಗಳಿಗೆ ಎ.ಸಿ. ಮತ್ತು ಗಾಳಿಯ ವ್ಯವಸ್ಥೆ ರೂಪಿಸುವುದು ನನ್ನ ವೃತ್ತಿ. ಆಫೀಸಿನಲ್ಲಿ ಫ್ಯಾನು ಸ್ವಲ್ಪ ಗುಂಯ್‌ಗುಟ್ಟಿದರೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ನ್ಯಾನೋ ಪ್ರಯೋಗಾಲಯದಲ್ಲಿ ಅದೇ ಗುಂಯ್ ಇಡೀ ದಿನದ ಕೆಲಸವನ್ನು ಕೆಡಿಸಬಲ್ಲದು.

ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲೊಂದು ಪಾಲು ನ್ಯಾನೋಮೀಟರ್. ಆ ಅಳತೆಯ ಗೆರೆಗಳನ್ನು ಸಿಲಿಕಾನ್ ಬಿಲ್ಲೆಯ ಮೇಲೆ ಮೂಡಿಸುವಾಗ, ನಮ್ಮ ಚರ್ಮದಿಂದ ಉದುರುವ ಹೊಟ್ಟು ಹೊಲದ ನಡುವಿನ ಬಂಡೆಯಿದ್ದಂತೆ. ಅದಕ್ಕೇ ಕ್ಲೀನ್‌ರೂಮ್ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ಕೇಂದ್ರದಲ್ಲಿ ಸುಮಾರು 14,000 ಚದರಡಿಯ ಕ್ಲೀನ್‌ರೂಮ್ ಇದೆ. ಅದರ ಒಂದು ಭಾಗ 'ಕ್ಲಾಸ್ 100': ಒಂದು ಘನ ಅಡಿ ಗಾಳಿಯಲ್ಲಿ ಅರ್ಧ ಮೈಕ್ರೋಮೀಟರ್ ಅಥವಾ ಅದಕ್ಕಿಂತ ದೊಡ್ಡ ಕಣಗಳು ನೂರನ್ನು ದಾಟುವಂತಿಲ್ಲ.

ಇದಕ್ಕೆ ದಾರಿ ಮಾಡಿಕೊಟ್ಟವರು ಅಮೆರಿಕದ ವಿಜ್ಞಾನಿ ವಿಲ್ಲಿಸ್ ವಿಟ್‌ಫೀಲ್ಡ್. 1960ರ ದಶಕದ ಆರಂಭದಲ್ಲಿ ಅವರು ಧೂಳನ್ನು ಒರೆಸುವ ಕೆಲಸವನ್ನು ಗಾಳಿಗೇ ವಹಿಸಿದರು. ಶೋಧಿಸಿದ ಗಾಳಿ ಸುಳಿ ಏಳದಂತೆ ಒಂದೇ ದಿಕ್ಕಿನಲ್ಲಿ ಹರಿದು ಕಣಗಳನ್ನು ತಳ್ಳಿಕೊಂಡು ಹೋಗುತ್ತದೆ. ಈಗ ಸಾಮಾನ್ಯವಾಗಿ ಅದು ಚಾವಣಿಯಿಂದ ಇಳಿದು, ತೂತುಗಳಿರುವ ನೆಲದ ಮೂಲಕ ಹಿಂದಿರುಗುತ್ತದೆ. ಗಂಟೆಗೆ ನೂರಾರು ಸಲ ಕೋಣೆಯ ಗಾಳಿ ಬದಲಾಗಬೇಕು.

ನನ್ನ ನಿಜವಾದ ಪರೀಕ್ಷೆ ಇಲ್ಲಿದೆ. ಅಷ್ಟು ಗಾಳಿಗೆ ದೈತ್ಯ ಫ್ಯಾನುಗಳು ಬೇಕು, ಫ್ಯಾನುಗಳು ಅದುರುತ್ತವೆ. ಅತಿ ಸೂಕ್ಷ್ಮ ಉಪಕರಣವಿರುವ ನೆಲದ ಕಂಪನದ ವೇಗ ಸೆಕೆಂಡಿಗೆ ಸುಮಾರು 3 ಮೈಕ್ರೋಮೀಟರ್ ಮೀರಬಾರದು. ಅದರ ಹತ್ತು ಪಟ್ಟಾದರೂ ನಮ್ಮ ಪಾದಕ್ಕೆ ಏನೂ ತಿಳಿಯದು. ಹಾಗಾಗಿ ಯಂತ್ರಗಳನ್ನು ಸ್ಪ್ರಿಂಗುಗಳ ಮೇಲೆ ಕೂರಿಸುತ್ತೇವೆ. ಅವುಗಳ ಅಡಿಪಾಯವನ್ನೇ ಪ್ರಯೋಗಾಲಯದ ಅಡಿಪಾಯದಿಂದ ಬೇರ್ಪಡಿಸುತ್ತೇವೆ. ನಡುವೆ ಒಂದು ಸರಳೂ ಹಾಯದಂತೆ ಸಂದು ಬಿಡುತ್ತೇವೆ. ಆ ಸಂದಿಗೆ ಸಿಮೆಂಟು ಗಾರೆ ಬಿದ್ದು ಗಟ್ಟಿಯಾದರೆ ಎಲ್ಲವೂ ವ್ಯರ್ಥ. ಕೆಲಸ ನಡೆಯುವಾಗ ಟಾರ್ಚ್ ಹಿಡಿದು ಅದನ್ನು ಉದ್ದಕ್ಕೂ ನೋಡಿಕೊಂಡು ಬರುತ್ತೇನೆ.

ಜ್ಯೂರಿಕ್ ಬಳಿಯ ರ‍್ಯೂಶ್ಲಿಕೋನ್‌ನಲ್ಲಿ ಐಬಿಎಂ 2011ರಲ್ಲಿ ತೆರೆದ ನ್ಯಾನೋ ಕೇಂದ್ರ ನನಗೆ ಬಹಳ ಇಷ್ಟ. ಐಬಿಎಂ ವಿಜ್ಞಾನಿಗಳಾದ ಬಿನ್ನಿಗ್ ಮತ್ತು ರೋರರ್ ಪರಮಾಣುಗಳನ್ನು ತೋರಿಸುವ ಸೂಕ್ಷ್ಮದರ್ಶಕವನ್ನು ರೂಪಿಸಿದ್ದು ಆ ಊರಿನಲ್ಲೇ. ಕೇಂದ್ರದಲ್ಲಿ ಅತಿ ಸೂಕ್ಷ್ಮ ಕೆಲಸದ ಕೋಣೆಗಳು ನೆಲದಡಿಯಲ್ಲಿವೆ. ಉಪಕರಣಗಳು ಗಾಳಿಯ ಸ್ಪ್ರಿಂಗುಗಳ ಮೇಲೆ ತೇಲುವ ಭಾರೀ ಕಾಂಕ್ರೀಟ್ ದಿಮ್ಮಿಗಳ ಮೇಲೆ ಕೂತಿವೆ. ಹೊರಗಿನ ಕಾಂತಕ್ಷೇತ್ರಕ್ಕೂ ತಡೆಯಿದೆ. ಕೆಲಸ ಮಾಡುವವರು ಮಾತ್ರ ಬೇರೆ ಕೋಣೆಯಲ್ಲಿ ಕೂರುತ್ತಾರೆ. ಮನುಷ್ಯನ ಮೈಬಿಸಿಯೂ ಅಲ್ಲಿ ಅಡ್ಡಿಯೇ.

ನಮ್ಮಲ್ಲಿ ಮೊದಲು ನಕ್ಷೆ, ಆಮೇಲೆ ಉಪಕರಣಗಳ ಪಟ್ಟಿ ಕೈಗೆ ಬರುವುದೇ ಹೆಚ್ಚು. ಈ ಕ್ರಮ ತಿರುಗಬೇಕು. ಬಸ್ಸು ಓಡುವ ಹಗಲಲ್ಲೂ ಲಾರಿ ಓಡುವ ರಾತ್ರಿಯಲ್ಲೂ ನಿವೇಶನದ ಕಂಪನವನ್ನು ಅಳೆಯಬೇಕು. ಆ ವರದಿ ಬರುವ ತನಕ ಒಂದು ಕಾಲಂ ಕೂಡ ಗುರುತು ಮಾಡಬೇಡಿ ಎಂದು ಪ್ರತಿ ಸಭೆಯಲ್ಲೂ ಹಟ ಹಿಡಿಯುತ್ತೇನೆ.