ಮರೆಯಲ್ಲಿ ಕುಳಿತವನ ಗುರಿ

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನಲ್ಲಿ ಗುಡವಿ ಎಂಬ ಊರಿದೆ. ಮಳೆಗಾಲ ಬಂತೆಂದರೆ ಅಲ್ಲಿನ ಕೆರೆಯ ಮರಗಳಲ್ಲಿ ಬಿಳಿ ಕೆಂಬರಲು, ನೀರುಕಾಗೆ, ಹಾವಕ್ಕಿ, ಬೆಳ್ಳಕ್ಕಿಗಳು ಗೂಡು ಕಟ್ಟುತ್ತವೆ. 1989ರಲ್ಲಿ ಸರ್ಕಾರ ಇದನ್ನು ಪಕ್ಷಿಧಾಮವೆಂದು ಘೋಷಿಸಿತು. ಇಲ್ಲಿಗೆ ದುರ್ಬೀನು ಹಿಡಿದು ಬರುವವರು ಮೊದಲು ಕಲಿಯಬೇಕಾದ ಪಾಠ ಮರೆಯಾಗಿ ನಿಲ್ಲುವುದು. ಅಲುಗಾಡದೆ, ಮಾತಾಡದೆ, ಹಕ್ಕಿ ತನ್ನನ್ನು ಕಾಣದಂತೆ ತಾನು ಹಕ್ಕಿಯನ್ನು ಕಾಣಬೇಕು. ಒಂದು ಕಾಲದಲ್ಲಿ ಇದು ಬೇಟೆಗಾರನ ವಿದ್ಯೆಯಾಗಿತ್ತು. ದುರ್ಬೀನಿನ ಜಾಗದಲ್ಲಿ ಕೋವಿ ಇರುತ್ತಿತ್ತು, ಅಷ್ಟೇ.

ಮಲೆನಾಡಿನಲ್ಲಿ ಈ ವಿದ್ಯೆಗೆ 'ಮರಸು' ಎಂದು ಹೆಸರು. ಹಣ್ಣು ಬಿಟ್ಟ ಮರದ ಮೇಲೋ, ಪ್ರಾಣಿಗಳು ನೀರಿಗೆ ಬರುವ ದಾರಿಯ ಪಕ್ಕದಲ್ಲೋ ಅಟ್ಟಣೆ ಕಟ್ಟಿ, ರಾತ್ರಿಯೆಲ್ಲ ಕೋವಿ ಹಿಡಿದು ಕಾಯುವುದೇ ಮರಸು ಕೂರುವುದು. ಹಳು ನುಗ್ಗಿ ಪ್ರಾಣಿಯನ್ನು ಎಬ್ಬಿಸುವ ಬೇಟೆಗೆ ಹತ್ತಾರು ಜನ, ನಾಯಿಗಳು, ಗದ್ದಲ ಎಲ್ಲವೂ ಬೇಕು. ಮರಸಿಗೆ ಒಬ್ಬ ಮನುಷ್ಯ, ಒಂದು ಮರೆ ಮತ್ತು ತಾಳ್ಮೆ ಸಾಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಇಂಥ ಬೇಟೆ ಅಪರಾಧವಾಯಿತು. ಆದರೆ ಮರೆಯಲ್ಲಿ ಕುಳಿತು ಗುರಿ ಇಡುವ ಸುಖವನ್ನು ಯಾವ ಕಾಯಿದೆಯೂ ನಿಲ್ಲಿಸಲಾರದು. ಇಂದು ಆ ಸುಖ ಹುಡುಗರ ಅಂಗೈಯಲ್ಲಿದೆ. ಅದರ ಈಗಿನ ಹೆಸರು ವಿಡಿಯೋ ಗೇಮ್.

ಈ ಬಗೆಯ ಆಟದ ಕಟ್ಟುಪಾಡು ಬಹಳ ಸರಳ. ಆಟಗಾರನ ಬೊಂಬೆ ಒಂದು ಗೋಡೆಯ ಹಿಂದೆ ಕುಕ್ಕರುಗಾಲಿನಲ್ಲಿ ಕೂತಿರುತ್ತದೆ. ಎದುರಾಳಿಗಳೂ ಅಂಥದೇ ಮರೆಗಳ ಹಿಂದಿರುತ್ತಾರೆ. ಗುಂಡಿನ ಮಳೆ ನಿಂತ ಕ್ಷಣದಲ್ಲಿ ತಲೆ ಎತ್ತಬೇಕು, ಗುರಿ ಇಡಬೇಕು, ಈಡು ಹೊಡೆದು ಮತ್ತೆ ಅಡಗಬೇಕು. ಅಡಗಿದ್ದಾಗ ಬಂದೂಕಿಗೆ ಗುಂಡು ತುಂಬಿಕೊಳ್ಳಬಹುದು. ಎದುರಿನವರೆಲ್ಲ ಬಿದ್ದ ಮೇಲೆ ಮುಂದಿನ ಗೋಡೆಗೆ ಓಡಬೇಕು. ಅಲ್ಲಿ ಮತ್ತೆ ಅದೇ ಕೆಲಸ. ಕಥೆ ಯಾವುದೇ ಇರಲಿ, ವೇಷ ಯಾವುದೇ ಇರಲಿ, ಆಟದ ಹುರುಳು ಇಷ್ಟೇ.

ಇದರ ಬೇರು ವಿಡಿಯೋ ಗೇಮ್‌ಗಳ ಹುಟ್ಟಿನಷ್ಟೇ ಹಿಂದಕ್ಕೆ ಹೋಗುತ್ತದೆ. 1975ರಲ್ಲಿ ಜಪಾನಿನ ಟೈಟೊ ಕಂಪನಿಗಾಗಿ ಟೊಮೊಹಿರೊ ನಿಶಿಕಾಡೊ ಎಂಬ ಎಂಜಿನಿಯರು ಇಬ್ಬರು ಕೌಬಾಯ್‌ಗಳ ಕಾಳಗದ ಆಟವೊಂದನ್ನು ರೂಪಿಸಿದರು. ಇಬ್ಬರ ನಡುವೆ ಪಾಪಸುಕಳ್ಳಿಯ ಗಿಡಗಳು ನಿಂತಿರುತ್ತಿದ್ದವು. ಗುಂಡಿಗೆ ಅವೇ ಅಡ್ಡ. ಮೂರು ವರ್ಷಗಳ ನಂತರ, 1978ರಲ್ಲಿ, ಅವರೇ ತಯಾರಿಸಿದ 'ಸ್ಪೇಸ್ ಇನ್‌ವೇಡರ್ಸ್' ಜಗತ್ತನ್ನೇ ಮರುಳು ಮಾಡಿತು. ಸಾಲಿಗೆ ಹನ್ನೊಂದರಂತೆ ಐದು ಸಾಲುಗಳಲ್ಲಿ 55 ಅನ್ಯಗ್ರಹ ಜೀವಿಗಳು ಮೇಲಿನಿಂದ ಇಳಿದು ಬರುತ್ತವೆ. ಕೆಳಗೆ ಆಟಗಾರನ ಒಂಟಿ ಫಿರಂಗಿ, ಅದರ ಮುಂದೆ ನಾಲ್ಕು ರಕ್ಷಣಾ ಗೋಡೆಗಳು. ಇಲ್ಲೊಂದು ಜಾಣತನ ಅಡಗಿತ್ತು. ಶತ್ರುವಿನ ಗುಂಡು ಬಿದ್ದಲ್ಲೆಲ್ಲ ಗೋಡೆ ಚೂರುಚೂರಾಗಿ ಸವೆಯುತ್ತಿತ್ತು. ಗೋಡೆಯ ಹಿಂದಿನಿಂದ ಆಟಗಾರನೇ ಹೊಡೆದರೂ ಅದು ಸವೆಯುತ್ತಿತ್ತು. ಹೀಗಾಗಿ ಕೊನೆಯವರೆಗೆ ಅಡಗಿ ಕೂರುವ ಅವಕಾಶವೇ ಇರಲಿಲ್ಲ.

1995ರಲ್ಲಿ ಜಪಾನಿನ ಇನ್ನೊಂದು ಕಂಪನಿ ನಾಮ್ಕೊ 'ಟೈಮ್ ಕ್ರೈಸಿಸ್' ಎಂಬ ಯಂತ್ರವನ್ನು ಆಟದ ಅಂಗಡಿಗಳಿಗೆ ತಂದಿತು. ಕೈಯಲ್ಲಿ ಪ್ಲಾಸ್ಟಿಕ್ಕಿನ ಬಂದೂಕು, ಕಾಲಡಿಯಲ್ಲಿ ಹೊಲಿಗೆ ಯಂತ್ರಕ್ಕಿರುವಂಥ ಒಂದು ಪೆಡಲು. ಪೆಡಲನ್ನು ತುಳಿದರೆ ಆಟಗಾರ ಮರೆಯಿಂದ ಹೊರಬರುತ್ತಾನೆ. ಬಿಟ್ಟರೆ ಮತ್ತೆ ಅಡಗುತ್ತಾನೆ, ಬಂದೂಕಿಗೂ ಗುಂಡು ತುಂಬುತ್ತದೆ. ಆದರೆ ಪರದೆಯ ಮೇಲೊಂದು ಗಡಿಯಾರ ಓಡುತ್ತಲೇ ಇರುತ್ತದೆ. ಅಡಗಿದಷ್ಟೂ ಹೊತ್ತು ಕಳೆಯಿತು, ಹೊತ್ತು ಮುಗಿದರೆ ಸೋಲು. ಒಂದು ಆಟದಲ್ಲಿ ಗೋಡೆ ಸವೆಯುತ್ತದೆ, ಇನ್ನೊಂದರಲ್ಲಿ ಗಡಿಯಾರ ಓಡುತ್ತದೆ. ಅಡಗುವುದಕ್ಕೆ ಬೆಲೆ ತೆರಬೇಕೆಂಬ ನಿಯಮ ಮಾತ್ರ ಎರಡರಲ್ಲೂ ಒಂದೇ.

2003ರಲ್ಲಿ ಬಂದ 'ಕಿಲ್ ಸ್ವಿಚ್' ಆಟ ಗೋಡೆಗೆ ಬೆನ್ನು ಅಂಟಿಸಿ ಕೂರುವ ವಿಧಾನವನ್ನು ಮನೆಯ ಟಿ.ವಿ.ಗೆ ಜೋಡಿಸುವ ಯಂತ್ರಗಳಲ್ಲಿ ಕಾಣಿಸಿತು. 2006ರಲ್ಲಿ ಅಮೆರಿಕದ ಎಪಿಕ್ ಗೇಮ್ಸ್ ಸಂಸ್ಥೆಯ 'ಗಿಯರ್ಸ್ ಆಫ್ ವಾರ್' ಅದನ್ನು ಮನೆಮಾತಾಗಿಸಿತು. ಆ ಮೇಲಿನ ಹತ್ತು ವರ್ಷಗಳಲ್ಲಿ ಈ ಅಚ್ಚಿನಲ್ಲಿ ಎರಕ ಹೊಯ್ದ ಆಟಗಳಿಗೆ ಲೆಕ್ಕವಿಲ್ಲ. ಇಂಥ ದೊಡ್ಡ ಆಟಗಳ ಚಿತ್ರಕೆಲಸದಲ್ಲಿ ಬೆಂಗಳೂರಿಗೂ ಪಾಲುಂಟು. 1997ರಲ್ಲಿ ರಾಜೇಶ್ ರಾವ್ ಅಲ್ಲಿ ಸ್ಥಾಪಿಸಿದ 'ಧ್ರುವ ಇಂಟರಾಕ್ಟಿವ್' ವಿದೇಶಿ ಕಂಪನಿಗಳ ಆಟಗಳಿಗೆ ವಾಹನ, ಕಟ್ಟಡ, ಪಾತ್ರಗಳನ್ನು ರೂಪಿಸಿಕೊಡುತ್ತ ಬೆಳೆಯಿತು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಗೇಮ್ಸ್ ಕೊಂಡುಕೊಂಡಿತು.

ಇಷ್ಟು ಸರಳವಾದ ಆಟ ಇಷ್ಟೊಂದು ಜನರನ್ನು ಹಿಡಿದಿಡಲು ಕಾರಣವೇನು? ಮೊದಲನೆಯದು ಲಯ. ಅಡಗುವುದು, ಏಳುವುದು, ಮತ್ತೆ ಅಡಗುವುದು ಒಂದು ತಾಳಕ್ಕೆ ಕೂಡಿಬರುತ್ತವೆ. ಅಪಾಯ ಮತ್ತು ಅಭಯ ಎರಡೂ ಕೆಲವೇ ಸೆಕೆಂಡುಗಳ ಅಂತರದಲ್ಲಿ ಸಿಗುತ್ತವೆ. ಕಣ್ಣಾಮುಚ್ಚಾಲೆ ಆಡುವ ಮಗುವಿಗೆ ಬಾಗಿಲ ಸಂದಿಯಲ್ಲಿ ಎದೆ ಹೊಡೆದುಕೊಳ್ಳುತ್ತದಲ್ಲ, ಇದೂ ಅದೇ ಪುಳಕ. ಎರಡನೆಯದು ಯೋಚಿಸಲು ಬಿಡುವು. ಬಯಲಿನಲ್ಲಿ ಓಡುತ್ತಲೇ ಹೊಡೆಯುವ ಆಟಗಳಿಗೆ ಎಳೆಯ ಬೆರಳುಗಳ ಚುರುಕು ಬೇಕು. ಇಲ್ಲಿ ಗೋಡೆಯ ಹಿಂದೆ ಕುಳಿತು ಯಾರು ಎಲ್ಲಿದ್ದಾರೆ, ಮೊದಲು ಯಾರನ್ನು ಹೊಡೆಯಬೇಕು, ಮುಂದೆ ಯಾವ ಮರೆಗೆ ಓಡಬೇಕು ಎಂದು ಲೆಕ್ಕ ಹಾಕಬಹುದು. ಆದ್ದರಿಂದ ಹೊಸಬನೂ, ನಲವತ್ತು ದಾಟಿದವನೂ ಅರ್ಧ ಗಂಟೆಯಲ್ಲಿ ಕಲಿತು ಆಡಬಲ್ಲ. ಮೂರನೆಯದು ಕೈಕೆಲಸದ ಸಣ್ಣ ಸಂತೋಷ. 'ಗಿಯರ್ಸ್ ಆಫ್ ವಾರ್'ನಲ್ಲಿ ಗುಂಡು ತುಂಬುವಾಗ ಸರಿಯಾದ ಕ್ಷಣಕ್ಕೆ ಗುಂಡಿ ಒತ್ತಿದರೆ ಕೆಲಸ ಬೇಗ ಮುಗಿಯುತ್ತದೆ. ತಪ್ಪಿದರೆ ಬಂದೂಕು ಕಚ್ಚಿಕೊಳ್ಳುತ್ತದೆ. ಬುಗುರಿಯ ಜಾಳಿಗೆಯನ್ನು ಹದವಾಗಿ ಎಳೆದ ಕೈಗೆ ಈ ಖುಷಿ ಗೊತ್ತು.

ದೋಷಗಳು ಹುಟ್ಟುವುದೂ ಇದೇ ಸರಳತೆಯಿಂದ. ಕಾಡಿನಲ್ಲಿ ಮರೆಯನ್ನು ಬೇಟೆಗಾರನೇ ಹುಡುಕಿಕೊಳ್ಳಬೇಕು. ಆಟದಲ್ಲಿ ಮರೆಯನ್ನು ಮೊದಲೇ ಕಟ್ಟಿಟ್ಟಿರುತ್ತಾರೆ. ಖಾಲಿ ಅಂಗಳವೊಂದರಲ್ಲಿ ಸೊಂಟದೆತ್ತರದ ಗೋಡೆಗಳು ಸಾಲಾಗಿ ಕಂಡವೆಂದರೆ ಕಾಳಗ ಅಲ್ಲೇ ಎಂದು ಚಿಕ್ಕ ಹುಡುಗನೂ ಹೇಳಬಲ್ಲ. ಅಲ್ಲಿಗೆ ಬೆರಗು ಸತ್ತಿತು. ಎರಡನೆಯ ಕೊರತೆ, ಅಡಗುವುದಕ್ಕೆ ಇದ್ದ ಬೆಲೆ ಮಾಯವಾದದ್ದು. ಹೊಸ ಆಟಗಳಲ್ಲಿ ಗೋಡೆ ಸಾಮಾನ್ಯವಾಗಿ ಸವೆಯುವುದಿಲ್ಲ, ಗಡಿಯಾರವೂ ಓಡುವುದಿಲ್ಲ. ಅದು ಸಾಲದೆಂಬಂತೆ, ಮರೆಯಲ್ಲಿ ನಾಲ್ಕಾರು ಸೆಕೆಂಡು ಸುಮ್ಮನೆ ಕುಳಿತರೆ ಮೈಗೆ ತಗುಲಿದ ಗಾಯವೆಲ್ಲ ತಾನಾಗಿ ಮಾಯುತ್ತದೆ. ಆಟಗಾರ ಒಂದೇ ಗೋಡೆಯ ಹಿಂದೆ ಬೀಡುಬಿಟ್ಟು, ಜಾತ್ರೆಯ ಅಂಗಡಿಯಲ್ಲಿ ಬಲೂನು ಹೊಡೆದಂತೆ ಎದ್ದ ತಲೆಗಳನ್ನು ಹೊಡೆಯುತ್ತ ಹೋಗುತ್ತಾನೆ. ಎದುರಾಳಿಗಳಿಗೂ ಬಳಸಿ ಹಿಂದಿನಿಂದ ಬರುವಷ್ಟು ಬುದ್ಧಿಯನ್ನು ಅನೇಕ ಆಟಗಳು ಕೊಡುವುದಿಲ್ಲ. ಹತ್ತನೆಯ ಗೋಡೆಯ ಹೊತ್ತಿಗೆ ಲಯ ಹೋಗಿ ಬೇಸರ ಉಳಿಯುತ್ತದೆ.

ಮೂರನೆಯ ದೋಷ ಇವೆರಡಕ್ಕಿಂತ ಆಳದ್ದು. ಮರೆಯಲ್ಲಿ ಕುಳಿತವನಿಗೆ ಎದುರಿನವನು ಪೂರ್ತಿ ಕಾಣುವುದಿಲ್ಲ. ಒಂದು ತಲೆ, ಒಂದು ಭುಜ ಕಂಡೀತು. ಅವನು ಯಾರು, ಯಾಕೆ ಬಂದ ಎಂಬುದನ್ನು ಆಟ ಕೇಳುವುದಿಲ್ಲ. ಈ ಇರುಸುಮುರುಸು ಆಟ ಕಟ್ಟಿದವರಿಗೂ ತಟ್ಟಿತ್ತು. 'ಸ್ಪೇಸ್ ಇನ್‌ವೇಡರ್ಸ್'ನಲ್ಲಿ ಮನುಷ್ಯರನ್ನು ಗುರಿಯಾಗಿಡುವುದು ಸರಿಯಲ್ಲವೆಂದೇ ಅನ್ಯಗ್ರಹ ಜೀವಿಗಳನ್ನು ತಂದದ್ದಾಗಿ ನಿಶಿಕಾಡೊ ಮುಂದೆ ಹೇಳಿದ್ದಾರೆ. 'ಗಿಯರ್ಸ್ ಆಫ್ ವಾರ್'ನಲ್ಲಿ ಎದುರಾಳಿಗಳು ನೆಲದಡಿಯಿಂದ ಎದ್ದುಬರುವ ವಿಕಾರ ಜೀವಿಗಳು. ಅವರಿಗಿಟ್ಟ ಹೆಸರೇ ಮಿಡತೆ ಎಂಬರ್ಥದ್ದು. ಕೊಲ್ಲಬೇಕಾದವನನ್ನು ಮೊದಲು ಮನುಷ್ಯನಲ್ಲವೆಂದು ಸಾರಿಬಿಟ್ಟರೆ ಕೆಲಸ ಹಗುರ.

ಇದು ಹೊಸ ಸಮಸ್ಯೆಯಲ್ಲ. ತುಂಗಭದ್ರೆಯ ದಂಡೆಯ ಆನೆಗೊಂದಿಯನ್ನು ಜನ ಕಿಷ್ಕಿಂಧೆಯೆಂದು ನಂಬುತ್ತಾರೆ. ಅಲ್ಲಿ ನಡೆಯಿತೆನ್ನುವ ವಾಲಿವಧೆ ಮರೆಯಿಂದ ಬಿಟ್ಟ ಬಾಣದ ಕಥೆಯೇ ತಾನೆ? ವಾಲ್ಮೀಕಿ ರಾಮಾಯಣದ ಪ್ರಕಾರ ರಾಮ ಮೊದಲ ಸಲ ಬಾಣ ಬಿಡಲೇ ಇಲ್ಲ. ಅಣ್ಣತಮ್ಮಂದಿರು ಒಂದೇ ರೂಪದವರಾಗಿ, ಮರದ ಮರೆಯಿಂದ ಯಾರು ಯಾರೆಂದು ತಿಳಿಯಲಿಲ್ಲ. ಎರಡನೆಯ ಸಲ ಸುಗ್ರೀವನ ಕೊರಳಿಗೆ ಹೂಬಳ್ಳಿ ಸುತ್ತಿ ಗುರುತು ಮಾಡಬೇಕಾಯಿತು. ಬಾಣ ತಗುಲಿ ಬಿದ್ದ ವಾಲಿ ಸುಮ್ಮನೆ ಸಾಯುವುದಿಲ್ಲ. ಬೇರೊಬ್ಬನೊಡನೆ ಹೋರಾಡುತ್ತಿದ್ದ ತನ್ನನ್ನು ಮರೆಯಿಂದ ಹೊಡೆದದ್ದು ಯಾವ ಧರ್ಮವೆಂದು ಕೇಳುತ್ತಾನೆ. ರಾಮ ಕೊಡುವ ಉತ್ತರಗಳಲ್ಲಿ ಒಂದು ಬೇಟೆಯದೇ: ಮೃಗಗಳನ್ನು ಜನ ಮರೆಯಲ್ಲಿ ನಿಂತೂ ಹೊಡೆಯುತ್ತಾರೆ, ನೀನು ವಾನರ. ಈ ಉತ್ತರ ಸಾಕೇ ಎಂದು ನಮ್ಮ ಜನ ನೂರಾರು ವರ್ಷಗಳಿಂದ ಚರ್ಚಿಸುತ್ತ ಬಂದಿದ್ದಾರೆ. ತಾಳಮದ್ದಳೆಯಲ್ಲಿ ವಾಲಿವಧೆ ಬಂದ ರಾತ್ರಿ ಈ ವಾದ ಬೆಳಗಿನವರೆಗೂ ನಡೆದೀತು. ಗುರಿಗೆ ಬಾಯಿ ಕೊಟ್ಟದ್ದರಿಂದಲೇ ಆ ಕಥೆ ಉಳಿದಿದೆ. ಗೋಡೆ ಮರೆಯ ಆಟದಲ್ಲಿ ಬಿದ್ದವನು ಒಂದು ಪ್ರಶ್ನೆಯನ್ನೂ ಕೇಳದೆ ಪರದೆಯಿಂದ ಅಳಿಸಿಹೋಗುತ್ತಾನೆ.

ಗುಡವಿಯ ಸುತ್ತಲಿನ ನೆಲ ಇನ್ನೊಂದು ಬಗೆಯ ಕಾಳಗದ ನೆನಪನ್ನು ಕಾಪಾಡಿಕೊಂಡಿದೆ. ಸೊರಬ ಮತ್ತು ಶಿಕಾರಿಪುರ ತಾಲ್ಲೂಕುಗಳು ವೀರಗಲ್ಲುಗಳ ಬೀಡು. ಬಿ.ಎಲ್. ರೈಸ್ 1902 ಮತ್ತು 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಎರಡು ಸಂಪುಟಗಳಲ್ಲಿ ಇಲ್ಲಿನ ಶಾಸನಗಳು ಸೇರಿವೆ. ತುರುಗಳನ್ನು ಹೊಡೆದುಕೊಂಡು ಹೋದವರನ್ನು ಅಡ್ಡಗಟ್ಟಿ ಸತ್ತವರು, ಊರನ್ನು ಉಳಿಸಲು ಸತ್ತವರು ಈ ಕಲ್ಲುಗಳಲ್ಲಿದ್ದಾರೆ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ಕಾಳಗದ ಪಟ್ಟಿಕೆಯಲ್ಲಿ ವೀರ ಬಯಲಿನಲ್ಲಿ ನಿಂತಿರುತ್ತಾನೆ. ಕೆಲವು ಕಲ್ಲುಗಳಲ್ಲಿ ಅವನ ಮೈಗೆ ಬಾಣಗಳು ನೆಟ್ಟಿರುವುದೂ ಉಂಟು. ನಿಜವಾದ ಕಾಳಗಗಳಲ್ಲಿ ಯಾರೂ ಮರೆ ಹುಡುಕಲಿಲ್ಲವೆಂದಲ್ಲ. ಪ್ರಾಣ ಎಲ್ಲರಿಗೂ ಬೇಕು. ಆದರೆ ಕಲ್ಲಿನಲ್ಲಿ ಕಡೆಯಲು ಯೋಗ್ಯವೆಂದು ಊರು ಆರಿಸಿಕೊಂಡದ್ದು ಎದುರು ನಿಂತವನ ಚಿತ್ರವನ್ನು. ಸತ್ತವನಿಗೆ ಹೆಸರಿತ್ತು, ಅವನ ಸಾವಿಗೊಂದು ಕಾರಣವಿತ್ತು.

ಹಾಗೆಂದು ಆಟವಾಡಿದ ಹುಡುಗರೆಲ್ಲ ಕ್ರೂರಿಗಳಾಗುತ್ತಾರೆಂದು ಹೇಳುವುದು ತಪ್ಪಾದೀತು. ಚದುರಂಗದಲ್ಲಿ ಕಾಲಾಳನ್ನು ಹೊಡೆದವನು ಕೊಲೆಗಾರನಾಗುವುದಿಲ್ಲ. ಈಚಿನ ವರ್ಷಗಳಲ್ಲಿ ಮನೆಗಳನ್ನು ಕಾಡಿದ್ದು ಬೇರೆ ಸಂಗತಿ. ಅದು ಮುಗಿಯದ ಆಟ. ಒಬ್ಬನೇ ಆಡುವ ಗೋಡೆ ಮರೆಯ ಆಟಕ್ಕೆ ಕೊನೆಯೊಂದಿದೆ. ಕಥೆ ಮುಗಿದರೆ ಆಟ ಮುಗಿಯಿತು. ಪಬ್‌ಜಿಯಂಥ ಆಟಗಳಲ್ಲಿ ನೂರು ಮಂದಿ ಒಂದು ಬಯಲಿಗೆ ಇಳಿಯುತ್ತಾರೆ, ಕೊನೆಗೆ ಉಳಿದವರು ಗೆದ್ದರು. ಮರುಕ್ಷಣವೇ ಹೊಸ ನೂರು ಮಂದಿ ಸಿದ್ಧ. ಇಲ್ಲಿ ಅಡಗುವುದಕ್ಕೆ ಮತ್ತೆ ಬೆಲೆ ಬಂದಿದೆ. ಆಡುವ ಜಾಗದ ಸುತ್ತ ಒಂದು ವೃತ್ತ ಕಿರಿದಾಗುತ್ತ ಬಂದು, ಅಡಗಿದವನನ್ನು ಹೊರಗೆಳೆಯುತ್ತದೆ. ಒಂದೇ ಕಡೆ ಅವಿತು ಕೂತವನನ್ನು ಹುಡುಗರು 'ಕ್ಯಾಂಪರ್' ಎಂದು ಹೀಯಾಳಿಸುತ್ತಾರೆ. ಗುರಿಯಾಗುವವನೂ ಇಲ್ಲಿ ಇನ್ನೆಲ್ಲೋ ಕುಳಿತ ನಿಜವಾದ ಮನುಷ್ಯ. ಆಟವಾಗಿ ಇದು ಹೆಚ್ಚು ಪಕ್ವವೇ ಹೌದು. ಕೆಟ್ಟದ್ದು ಅದರ ಕೊನೆಯಿಲ್ಲದಿರುವಿಕೆ.

2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಪಬ್‌ಜಿಯೂ ಸೇರಿದಂತೆ 118 ಆ್ಯಪ್‌ಗಳನ್ನು ನಿಷೇಧಿಸಿತು. ಆದರೆ ಅದಕ್ಕೆ ಕೊಟ್ಟ ಕಾರಣ ಮಕ್ಕಳ ಹಿತವಲ್ಲ, ದೇಶದ ಭದ್ರತೆ. 2021ರಲ್ಲಿ ಆ ಆಟ ಭಾರತಕ್ಕೆಂದೇ ಹೊಸ ಹೆಸರು ತೊಟ್ಟು ಮರಳಿತು. 2022ರಲ್ಲಿ ಮತ್ತೆ ತಡೆ, 2023ರಲ್ಲಿ ಮತ್ತೆ ಪ್ರವೇಶ. ಬೆಂಗಳೂರಿನ ನಿಮ್ಹಾನ್ಸ್ 2014ರಷ್ಟು ಹಿಂದೆಯೇ ತಂತ್ರಜ್ಞಾನದ ಗೀಳಿಗಾಗಿ 'ಶಟ್' ಎಂಬ ಪ್ರತ್ಯೇಕ ಚಿಕಿತ್ಸಾಲಯ ತೆರೆದಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿಯಲ್ಲಿ ಆಟದ ಗೀಳು ಒಂದು ಕಾಯಿಲೆಯಾಗಿ ಸೇರಿದೆ. ಆ ಪಟ್ಟಿ 2022ರಿಂದ ಜಾರಿಯಲ್ಲಿದೆ. ಅದರ ಲಕ್ಷಣಗಳಲ್ಲಿ ಗುಂಡು, ರಕ್ತ, ಕ್ರೌರ್ಯದ ಮಾತಿಲ್ಲ. ಆಟದ ಮೇಲಿನ ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮೇಲಾಗುವುದು, ಕೆಡುಕಾಗುತ್ತಿದೆ ಎಂದು ತಿಳಿದೂ ಬಿಡಲಾಗದಿರುವುದು ಇವು ಮೂರು. ಸಾಮಾನ್ಯವಾಗಿ ವರ್ಷ ಕಾಲ ಹೀಗೇ ನಡೆದಿದ್ದರೆ ಮಾತ್ರ ಅದನ್ನು ಕಾಯಿಲೆಯೆನ್ನುತ್ತಾರೆ.

ಆದ್ದರಿಂದ ಮಗ ಮೊಬೈಲಿನಲ್ಲಿ ಗೋಡೆ ಮರೆಯ ಆಟ ಆಡುವುದನ್ನು ಕಂಡ ತಂದೆತಾಯಿ ಗುಂಡಿನ ಸದ್ದಿಗೆ ಬೆಚ್ಚಬೇಕಾದ್ದಿಲ್ಲ. ಆಟಕ್ಕೆ ಕೊನೆ ಇದೆಯೇ, ಊಟಕ್ಕೆ ಕರೆದರೆ ಎದ್ದು ಬರುತ್ತಾನೆಯೇ ಎಂದು ನೋಡಿದರೆ ಸಾಕು. ಮರಸು ಕೂತವನು ಎಂಥ ಗೀಳಿನವನಾದರೂ ಬೆಳಕು ಹರಿದ ಮೇಲೆ ಅಟ್ಟಣೆ ಇಳಿದು ಮನೆಗೆ ಬರಬೇಕಿತ್ತು, ಗದ್ದೆಯ ಕೆಲಸ ಕಾದಿರುತ್ತಿತ್ತು. ಮೊಬೈಲಿನ ಕಾಡಿನಲ್ಲಿ ಬೆಳಕು ತಾನಾಗಿ ಹರಿಯುವುದಿಲ್ಲ. ಅಲ್ಲಿ ಇಳಿಯುವ ಹೊತ್ತನ್ನು ಆಡುವವನೇ ಗೊತ್ತುಮಾಡಿಕೊಳ್ಳಬೇಕು. ಅವನು ಚಿಕ್ಕವನಾದರೆ ಮನೆಯ ಹಿರಿಯರು ಗೊತ್ತುಮಾಡಬೇಕು.