ಮಾಳಿಗಿ ಹಾಡು ಕಡಲು ದಾಟಿದ ಬಗೆ

ಡೋಣಿ, ಮುಂಡರಗಿ ಸೀಮೆಯ ಹಳೆಯ ಮನೆಗಳಿಗೆ ಮಣ್ಣಿನ ಮಾಳಿಗಿ. ಮುಂಗಾರಿಗೆ ಮೊದಲು ಮೇಲೆ ಕರ್ಲು ಮಣ್ಣು ಹರಡದಿದ್ದರೆ ಒಳಗೆ ಹನಿ ಬೀಳುವಲ್ಲೆಲ್ಲ ಬೋಗುಣಿ ಇಡಬೇಕು. ಹಾಗಾಗಿ ಶಿಶುನಾಳ ಷರೀಫರ ‘ಸೋರುತಿಹುದು ಮನೆಯ ಮಾಳಿಗಿ’ ಈ ಕಡೆಯವರಿಗೆ ಮೊದಲು ಮನೆಯ ಸುದ್ದಿ, ಅಧ್ಯಾತ್ಮ ಆಮೇಲಿನದು. ಷರೀಫರ (1819–1889) ಊರು ಲಕ್ಷ್ಮೇಶ್ವರಕ್ಕೆ ದೂರವೇನಲ್ಲ. ಅವರ ಪದಗಳು ಇಲ್ಲಿ ಭಜನಿ ಮೇಳಗಳ ಬಾಯಲ್ಲಿ ಬದುಕಿದವು. ಕ್ಯಾಸೆಟ್ ಕಾಲದಲ್ಲಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಆಯ್ದುಕೊಟ್ಟ ಪದಗಳಿಗೆ ಸಿ. ಅಶ್ವತ್ಥ್ ಸಂಗೀತ ಕೂಡಿಸಿದರು; ಭಟ್ಟರಿಗೆ ‘ಷರೀಫ್ ಭಟ್ಟ’ ಎಂಬ ಹೆಸರೇ ಅಂಟಿತು. 1990ರಲ್ಲಿ ಷರೀಫರ ಮೇಲೆ ಟಿ.ಎಸ್. ನಾಗಾಭರಣರ ಸಿನಿಮಾ ಬಂತು.

ಇದೇ ಪದ ಗಿಟಾರಿಗೆ ಏರಿದ್ದು ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರ ಕೈಯಲ್ಲಿ. ಸೂಕ್ಷ್ಮಜೀವಿ ವಿಜ್ಞಾನದ ಚಿನ್ನದ ಪದಕ, ಭರತನಾಟ್ಯದ ವಿದ್ವತ್ತು ಎರಡೂ ಇದ್ದವರು ಕಾಲೇಜಿನಲ್ಲಿ ಗೆಳೆಯನೊಬ್ಬನ ಜತೆ ಪಂಥ ಕಟ್ಟಿ ಗಿಟಾರು ಹಿಡಿದರು. ಬೆಲ್ಜಿಯಂನಲ್ಲಿ ಕೆಲಸಕ್ಕಿದ್ದಾಗ ಅಲ್ಲಿನ ರೇಡಿಯೊದಲ್ಲಿ ಅವರ ಹಾಡು ಕೇಳಿಬಂತು. ಮರಳಿ ಬಂದು ‘ಅಂತರಾಗ್ನಿ’ ತಂಡ ಕಟ್ಟಿದರು; ಅದು ಒಡೆದ ಮೇಲೆ ‘ರಘು ದೀಕ್ಷಿತ್ ಪ್ರಾಜೆಕ್ಟ್’.

ಅವರ ಮೊದಲ ಆಲ್ಬಂ ಮಾತ್ರ ಬೇಗ ಹೊರಬರಲಿಲ್ಲ. ದೊಡ್ಡ ಕಂಪನಿಗಳು ಒಂದಾದ ಮೇಲೊಂದು ಬೇಡವೆಂದವು. ಕಾರಣ ಊಹಿಸುವುದು ಕಷ್ಟವಲ್ಲ. ಹೆಚ್ಚಿನ ಹಾಡು ಹಿಂದಿ, ನಡುವೆ ಷರೀಫರ ಎರಡು ಕನ್ನಡ ಪದ, ಜತೆಗೊಂದು ಇಂಗ್ಲಿಷ್. ಯಾವ ಕಪಾಟಿನಲ್ಲಿ ಇಡಬೇಕು? ಮುಂಬೈಯಲ್ಲಿ ಹಾಡು ಕೇಳಿದ ಸಿನಿಮಾ ಸಂಗೀತಗಾರರಾದ ವಿಶಾಲ್–ಶೇಖರ್ ತಮ್ಮ ಕೌಂಟರ್ ಕಲ್ಚರ್ ರೆಕಾರ್ಡ್ಸ್ ಮೂಲಕ 2008ರಲ್ಲಿ ಅದನ್ನು ಹೊರತಂದರು. ಆಗ ನಮ್ಮಲ್ಲಿ ‘ಮುಂಗಾರು ಮಳೆ’ಯ ಗುಂಗು ಇನ್ನೂ ಇಳಿದಿರಲಿಲ್ಲ. ಊರೂರಿನ ಮೊಬೈಲ್ ಅಂಗಡಿಗಳಲ್ಲಿ ಮೆಮೊರಿ ಕಾರ್ಡಿಗೆ ತುಂಬಿಸಿಕೊಡುತ್ತಿದ್ದುದು ಹೆಚ್ಚಾಗಿ ಸಿನಿಮಾ ಹಾಡು. ಸಿನಿಮಾ ಇಲ್ಲದ ಆಲ್ಬಮ್ಮನ್ನು ಕೇಳಿ ಪಡೆಯುವವರು ಯಾರು? ನಮ್ಮಲ್ಲಿ ಹಲವರಿಗೆ ರಘು ದೀಕ್ಷಿತರ ಹೆಸರು ತಿಳಿದದ್ದೇ 2010ರ ‘ಜಸ್ಟ್ ಮಾತ್ ಮಾತಲ್ಲಿ’ ಸಿನಿಮಾದ ಹಾಡುಗಳಿಂದ.

ಅದೇ 2010ರಲ್ಲಿ ಆಲ್ಬಂ ಬ್ರಿಟನ್ನಿನಲ್ಲಿ ಮತ್ತೆ ಬಿಡುಗಡೆಯಾಯಿತು. ಲುಂಗಿ, ಗೆಜ್ಜೆ ಕಟ್ಟಿಕೊಂಡು ರಘು ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದ ಮೇಲೆ ಅದು ಅಲ್ಲಿನ ಐಟ್ಯೂನ್ಸ್ ವಿಶ್ವಸಂಗೀತ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿತು. 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಕಲಾವಿದರ ಪ್ರಶಸ್ತಿ ಸಿಕ್ಕಿತು. ಅಲ್ಲಿಯವರಿಗೆ ಹಿಂದಿಯೂ ಒಂದೇ, ಕನ್ನಡವೂ ಒಂದೇ. ಇಲ್ಲಿ ಅಡ್ಡಬಂದ ಕಪಾಟಿನ ತಂಟೆ ಅಲ್ಲಿ ಇರಲೇ ಇಲ್ಲ.

ಈಗ ಕೇಳಿದರೆ ಹಿಂದಿ ಹಾಡುಗಳಲ್ಲಿ ಕೆಲವು ಆ ಕಾಲದ ಕಾಲೇಜು ಹಬ್ಬಗಳ ವಾಸನೆ ಬಿಟ್ಟುಕೊಟ್ಟಿಲ್ಲ. ‘ಮೈಸೂರ್ ಸೇ ಆಯೀ’ ಇನ್ನೂ ಚುರುಕಾಗಿದೆ, ಒಪ್ಪೋಣ. ಆದರೆ ಗಟ್ಟಿಯಾಗಿ ನಿಂತವು ‘ಗುಡುಗುಡಿಯ ಸೇದಿ ನೋಡೋ’ ಮತ್ತು ‘ಸೋರುತಿಹುದು’. ಭಜನಿಯವರಿಗೆ ಗಿಟಾರಿನ ಓಟ ಅವಸರ ಅನ್ನಿಸಬಹುದು. ಅವರ ಆಕ್ಷೇಪದಲ್ಲಿ ಹುರುಳಿದೆ. ಮಾಳಿಗಿ ಸೋರುವಾಗಿನ ಬೇಸರ ಈ ಧಾಟಿಯಲ್ಲಿ ಅಷ್ಟಾಗಿ ಇಲ್ಲ, ಬದಲಿಗೆ ಮೇಲೆ ಹತ್ತಿ ದುರಸ್ತಿಗೆ ಇಳಿಯುವ ಹುಮ್ಮಸ್ಸಿದೆ. ಷರೀಫರ ಪದ ಎರಡನ್ನೂ ತಡೆದುಕೊಳ್ಳುತ್ತದೆ.

2013ರ ‘ಜಗ್ ಚಂಗಾ’ ಆಲ್ಬಮ್ಮಿನಲ್ಲಿಯೂ ರಘು ಷರೀಫರನ್ನು ಬಿಡಲಿಲ್ಲ. ‘ಕೋಡಗನ ಕೋಳಿ ನುಂಗಿತ್ತ’ ಅಲ್ಲಿದೆ. ಮೊದಲ ಆಲ್ಬಮ್ಮನ್ನು ಹೊಸದಾಗಿ ಕೇಳುವವರು ಹಿಂದಿ ಹಾಡುಗಳನ್ನು ಆಮೇಲೆ ನೋಡಿಕೊಳ್ಳಲಿ, ಮಾಳಿಗಿಯಿಂದಲೇ ಶುರು ಮಾಡಲಿ.