ದೇಶಕ್ಕೊಂದು ಉನೊ

ಇಟಲಿಯ ಟ್ಯೂರಿನ್ ನಗರದ ಫಿಯೆಟ್ ಕಂಪನಿಯು 1983ರಲ್ಲಿ ಮಾರುಕಟ್ಟೆಗೆ ಬಿಟ್ಟ ಉನೊ ಎಂಬ ಪುಟ್ಟ ಹ್ಯಾಚ್‌ಬ್ಯಾಕ್ ಕಾರು, ಮುಂದಿನ ಮೂರು ದಶಕಗಳಲ್ಲಿ ಸುಮಾರು 88 ಲಕ್ಷ ಸಂಖ್ಯೆಯಲ್ಲಿ ತಯಾರಾಗಿ, ಜಗತ್ತಿನಲ್ಲಿ ಅತಿ ಹೆಚ್ಚು ಉತ್ಪಾದನೆಗೊಂಡ ಕಾರುಗಳ ಸಾಲಿಗೆ ಸೇರಿತು. ಡಿಕ್ಕಿಯನ್ನು ಪ್ರತ್ಯೇಕ ಪೆಟ್ಟಿಗೆಯಾಗಿ ಹೊರಚಾಚದೆ, ಪ್ರಯಾಣಿಕರ ಹಿಂಬದಿಯಲ್ಲೇ ಸಾಮಾನಿಗೆ ಜಾಗ ಮಾಡಿ, ಗಾಜಿನ ಸಮೇತ ಮೇಲಕ್ಕೆತ್ತುವ ಹಿಂಬಾಗಿಲನ್ನು ಇಟ್ಟಿರುವ ಕಾರಿಗೆ ಹ್ಯಾಚ್‌ಬ್ಯಾಕ್ ಎಂದು ಹೆಸರು. ಇಂದು ಕಿರಿದಾದ ರಸ್ತೆಗಳ ಯಾವ ಊರಿನಲ್ಲೂ ಅದು ಸಾಮಾನ್ಯ ನೋಟ. ಆದರೆ 88 ಲಕ್ಷವೆಂಬ ಅಂಕಿಯನ್ನು ಒಂದೇ ಕಾರಿನ ಮಾರಾಟವೆಂದು ಓದಿದರೆ ಉನೊದ ಕಥೆಯ ಅರ್ಧಭಾಗ ಕೈತಪ್ಪಿಹೋಗುತ್ತದೆ. ಇಟಲಿಯಲ್ಲಿ ಹನ್ನೆರಡು ವರ್ಷ ಬಾಳಿದ ಉನೊ ಮತ್ತು ಬ್ರೆಜಿಲ್ಲಿನಲ್ಲಿ ಇಪ್ಪತ್ತೊಂಬತ್ತು ವರ್ಷ ಬಾಳಿದ ಉನೊ ಹೊರನೋಟಕ್ಕೆ ಅವಳಿಗಳಂತಿದ್ದರೂ ಒಳಗಿನ ಕಟ್ಟಿನಲ್ಲಿ ಬೇರೆ ಬೇರೆ ಕಾರುಗಳಾಗಿದ್ದವು. ಹೀಗೆ ಬೇರೆಯಾಗಲು ಅವಕಾಶ ಸಿಕ್ಕಿದ್ದೇ ಅದರ ದೀರ್ಘಾಯುಷ್ಯಕ್ಕೆ ಮುಖ್ಯ ಕಾರಣವಾಯಿತು.

ಉನೊದ ವಂಶಾವಳಿಯನ್ನು ಹುಡುಕಿಕೊಂಡು ಹೋದರೆ ಫಿಯೆಟ್ಟಿನ ಪ್ರಧಾನ ಎಂಜಿನಿಯರ್ ಆಗಿದ್ದ ದಾಂತೆ ಜಾಕೋಸಾ ಅವರಲ್ಲಿಗೆ ಬಂದು ನಿಲ್ಲಬೇಕಾಗುತ್ತದೆ. ಪುಟ್ಟ ಕಾರಿನಲ್ಲಿ ಜನರಿಗೆ ಜಾಗ ಉಳಿಸಬೇಕಾದರೆ ಎಂಜಿನ್ನನ್ನು ಅಡ್ಡಲಾಗಿ ಕೂರಿಸಿ ಮುಂದಿನ ಚಕ್ರಗಳಿಗೇ ಚಾಲನೆ ಕೊಡಬೇಕು ಎಂಬುದನ್ನು ಬ್ರಿಟನ್ನಿನ ಮಿನಿ ಕಾರು 1959ರಲ್ಲೇ ತೋರಿಸಿಕೊಟ್ಟಿತ್ತು. ಆದರೆ ಅದರ ಗೇರ್‌ಬಾಕ್ಸು ಎಂಜಿನ್ನಿನ ಅಡಿಯಲ್ಲಿ, ಎಂಜಿನ್ ಆಯಿಲ್ಲಿನಲ್ಲೇ ಮುಳುಗಿಕೊಂಡು ಇರುತ್ತಿದ್ದುದರಿಂದ ತಯಾರಿಕೆಯೂ ರಿಪೇರಿಯೂ ತೊಡಕಿನವಾಗಿದ್ದವು. ಜಾಕೋಸಾ ಗೇರ್‌ಬಾಕ್ಸನ್ನು ಎಂಜಿನ್ನಿನ ತುದಿಗೆ, ಅದೇ ಸಾಲಿನಲ್ಲಿ ಜೋಡಿಸಿ, ಎಡಬಲ ಚಕ್ರಗಳಿಗೆ ಶಕ್ತಿ ಒಯ್ಯುವ ಶಾಫ್ಟುಗಳು ಉದ್ದದಲ್ಲಿ ಒಂದಕ್ಕೊಂದು ಹೊಂದದಿದ್ದರೂ ಅಡ್ಡಿಯಿಲ್ಲವೆಂದು ತೀರ್ಮಾನಿಸಿದರು. ಈ ಪ್ರಯೋಗವನ್ನು ಫಿಯೆಟ್ ತನ್ನ ಹೆಸರಿನ ಮೇಲೆ ಮಾಡಲು ಹಿಂಜರಿದು, 1964ರಲ್ಲಿ ಆಟೋಬಿಯಾಂಕಿ ಎಂಬ ಸಹ ಸಂಸ್ಥೆಯ ಪ್ರಿಮುಲಾ ಕಾರಿನಲ್ಲಿ ಮಾಡಿಸಿತು. ಅದು ನಿಭಾಯಿಸಿತೆಂದು ಖಚಿತವಾದ ಮೇಲೆ 1969ರ ಫಿಯೆಟ್ 128 ಮತ್ತು 1971ರ ಫಿಯೆಟ್ 127 ಕಾರುಗಳಲ್ಲಿ ಅದನ್ನು ಅಳವಡಿಸಿತು. ಇಂದು ನಮ್ಮ ರಸ್ತೆಗಳಲ್ಲಿ ಓಡುವ ಹೆಚ್ಚುಕಡಿಮೆ ಎಲ್ಲ ಸಣ್ಣ ಕಾರುಗಳೂ, ಅವು ಯಾವ ದೇಶದ ಕಂಪನಿಯದ್ದೇ ಆಗಿರಲಿ, ಇದೇ ಜೋಡಣೆಯನ್ನು ಅನುಸರಿಸುತ್ತವೆ. ಆದರೂ ಜಾಕೋಸಾ ಹೆಸರು ಕಾರುಪ್ರಿಯರ ವಲಯದಾಚೆ ಕೇಳಿಬರುವುದು ಕಡಿಮೆ.

127ರ ಉತ್ತರಾಧಿಕಾರಿಯನ್ನು ಸಿದ್ಧಪಡಿಸುವ ಹೊತ್ತಿಗೆ ಫಿಯೆಟ್ಟಿನ ಸ್ಥಿತಿ ಹದಗೆಟ್ಟಿತ್ತು. 1970ರ ದಶಕವಿಡೀ ಟ್ಯೂರಿನ್ನಿನ ಕಾರ್ಖಾನೆಗಳು ಮುಷ್ಕರ, ಹಿಂಸೆ ಮತ್ತು ನಷ್ಟಗಳಲ್ಲಿ ತೊಳಲಾಡಿದ್ದವು. 1980ರ ಶರತ್ಕಾಲದಲ್ಲಿ ಕಂಪನಿ ಸಾಮೂಹಿಕವಾಗಿ ಕೆಲಸಗಾರರನ್ನು ಕೈಬಿಡುವುದಾಗಿ ಪ್ರಕಟಿಸಿದಾಗ 35 ದಿನಗಳ ಮುಷ್ಕರ ನಡೆಯಿತು. ಕೊನೆಗೆ ಅಕ್ಟೋಬರ್ 14ರಂದು ಮೇಸ್ತ್ರಿಗಳು ಮತ್ತು ಕಚೇರಿ ಸಿಬ್ಬಂದಿ ಮುಷ್ಕರದ ವಿರುದ್ಧವೇ ಬೀದಿಗಿಳಿದರು. ಇಟಲಿಯ ಇತಿಹಾಸದಲ್ಲಿ ‘ನಲವತ್ತು ಸಾವಿರದವರ ಮೆರವಣಿಗೆ’ ಎಂದೇ ಗುರುತಿಸಲಾಗುವ ಆ ಘಟನೆಯ ನಂತರ ಕಾರ್ಮಿಕ ಸಂಘಗಳು ಮಣಿದವು, ಸುಮಾರು 23 ಸಾವಿರ ಮಂದಿ ಸರ್ಕಾರಿ ಭತ್ಯೆಯ ಮೇಲೆ ಮನೆಗೆ ಹೋದರು, ಬೆಸುಗೆ ಹಾಕುವ ಸಾಲುಗಳಿಗೆ ರೋಬಾಟುಗಳು ಇನ್ನಷ್ಟು ಬಂದವು. ಕಾರುಗಳ ಚರಿತ್ರೆ ಬರೆಯುವವರು ಈ ಅಧ್ಯಾಯವನ್ನು ಸಾಮಾನ್ಯವಾಗಿ ಒಂದೆರಡು ಸಾಲಿನಲ್ಲಿ ದಾಟಿಬಿಡುತ್ತಾರೆ. ಆದರೆ ಆಗಿನ ಫಿಯೆಟ್ ಆಟೋ ಮುಖ್ಯಸ್ಥ ವಿಟ್ಟೋರಿಯೊ ಗಿಡೆಲ್ಲಾ ಉನೊವನ್ನು ಅಗ್ಗವಾಗಿ, ಭಾರೀ ಸಂಖ್ಯೆಯಲ್ಲಿ ತಯಾರಿಸಲು ಸಾಧ್ಯವಾದದ್ದರ ಹಿಂದೆ ಕಾರ್ಮಿಕರ ಆ ಸೋಲಿನ ಪಾಲು ಇದ್ದೇ ಇತ್ತು.

ಕಾರಿನ ರೂಪವನ್ನು ಫಿಯೆಟ್ ಹೊರಗಿನವರಾದ ಜಾರ್ಜೆಟ್ಟೊ ಜುಜಾರೊ ಅವರಿಗೆ, ಅಂದರೆ ಅವರ ಇಟಾಲ್‌ಡಿಸೈನ್ ಸಂಸ್ಥೆಗೆ ವಹಿಸಿತು. ಜರ್ಮನಿಯ ಗಾಲ್ಫ್ ಕಾರನ್ನೂ 1980ರ ಫಿಯೆಟ್ ಪಾಂಡಾವನ್ನೂ ರೂಪಿಸಿದ್ದ ಜುಜಾರೊ, ಸಣ್ಣ ಕಾರು ತಗ್ಗಾಗಿದ್ದರೆ ಚೆಂದವೆಂಬ ಅಂದಿನ ರೂಢಿಯನ್ನು ಬದಿಗಿಟ್ಟು, ಉನೊದ ಛಾವಣಿಯನ್ನು ಎತ್ತರಿಸಿದರು. ಎತ್ತರ ಹೆಚ್ಚಿದರೆ ಕುಳಿತವರು ಕಾಲು ಚಾಚಿ ಒರಗುವ ಬದಲು ಕುರ್ಚಿಯಲ್ಲಿ ಕೂತಂತೆ ನೆಟ್ಟಗೆ ಕೂರುತ್ತಾರೆ, ನೆಟ್ಟಗೆ ಕೂತವರಿಗೆ ಉದ್ದದ ಜಾಗ ಕಡಿಮೆ ಸಾಕು, ಹೀಗಾಗಿ ಸುಮಾರು 3.64 ಮೀಟರ್ ಉದ್ದದ ಕಾರಿನಲ್ಲೇ ಹಿಂದಿನ ಸೀಟಿನವರ ಮೊಣಕಾಲಿಗೂ ಅವಕಾಶ ದೊರೆಯುತ್ತದೆ ಎಂಬುದು ಅವರ ಲೆಕ್ಕ. ಎತ್ತರದ ಚೌಕಾಕಾರದ ಕಾರು ಗಾಳಿಯನ್ನು ಹೆಚ್ಚು ತಡೆಯಬೇಕಿತ್ತು. ಆದರೆ ಅಂಚುಗಳನ್ನು ನಯಗೊಳಿಸಿ, ಹಿಂಬದಿಯನ್ನು ಥಟ್ಟನೆ ಕತ್ತರಿಸಿ, ಗಾಜು ಒರೆಸಲು ಎರಡರ ಬದಲು ಒಂದೇ ವೈಪರ್ ಇಟ್ಟು, ವಾಯುರೋಧದ ಗುಣಾಂಕವನ್ನು 0.34ಕ್ಕೆ ಇಳಿಸಲಾಯಿತು. ಒಂದು ಆಕಾರ ಗಾಳಿಯನ್ನು ಎಷ್ಟು ಸಲೀಸಾಗಿ ಸೀಳುತ್ತದೆಂಬುದನ್ನು ತಿಳಿಸುವ ಈ ಗುಣಾಂಕ ಕಡಿಮೆಯಾದಷ್ಟೂ ಪೆಟ್ರೋಲು ಉಳಿಯುತ್ತದೆ; ಆ ಕಾಲದ ಸಣ್ಣ ಕಾರಿಗೆ 0.34 ಎಂಬುದು ಬಹಳ ಒಳ್ಳೆಯ ಅಂಕಿ. ದೀಪ, ವೈಪರುಗಳ ಸ್ವಿಚ್ಚುಗಳನ್ನು ಸ್ಟೀರಿಂಗಿನ ಎರಡೂ ಬದಿಯ ಪುಟ್ಟ ಪೆಟ್ಟಿಗೆಗಳಲ್ಲಿ ಬೆರಳಿಗೆ ಎಟಕುವಂತೆ ಇಡಲಾಗಿತ್ತು, ಬೂದಿಬಟ್ಟಲನ್ನು ಡ್ಯಾಶ್‌ಬೋರ್ಡಿನ ಉದ್ದಕ್ಕೂ ಚಾಲಕನಿಂದ ಪಕ್ಕದವನ ಕಡೆಗೆ ಸರಿಸಬಹುದಾಗಿತ್ತು.

ಬಿಡುಗಡೆ ಸಮಾರಂಭವನ್ನು ಫಿಯೆಟ್ 1983ರ ಜನವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೆಲೆಯಿರುವ ಫ್ಲಾರಿಡಾದ ಕೇಪ್ ಕೆನವೆರಲ್‌ನಲ್ಲಿ ಏರ್ಪಡಿಸಿತು. ಉನೊ ಅಮೆರಿಕದಲ್ಲಿ ಎಂದೂ ಮಾರಾಟವಾಗಲಿಲ್ಲವೆಂಬುದನ್ನು ನೆನೆದರೆ, ರಾಕೆಟ್ಟುಗಳ ನೆರಳಿನ ಆ ವೈಭವ ಪೂರ್ತಿಯಾಗಿ ಯುರೋಪಿನ ಪತ್ರಕರ್ತರಿಗೆಂದೇ ಹೂಡಿದ್ದೆಂಬುದು ಸ್ಪಷ್ಟವಾಗುತ್ತದೆ. ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಫ್ರಾನ್ಸಿನ ಪ್ಯೂಜೊ 205 ಕೂಡ ಹೊರಬಂದಿತು. ಅನೇಕರ ಕಣ್ಣಿಗೆ ಅದೇ ಹೆಚ್ಚು ಸುಂದರವಾಗಿದ್ದರೂ, 1984ರ ಯುರೋಪಿನ ವರ್ಷದ ಕಾರು ಪ್ರಶಸ್ತಿಯನ್ನು ಉನೊ ತನ್ನದಾಗಿಸಿಕೊಂಡಿತು.

ಇಷ್ಟಾದರೂ ಮೊದಲ ಉನೊದಲ್ಲಿದ್ದ 903 ಸಿ.ಸಿ. ಎಂಜಿನ್ 1955ರ ಫಿಯೆಟ್ 600ರ ಎಂಜಿನ್ನಿನ ವಂಶದ್ದೇ ಆಗಿತ್ತು. ಆ ಕೊರತೆಯನ್ನು ತುಂಬಿದ್ದು 1985ರಲ್ಲಿ ಬಂದ 999 ಸಿ.ಸಿ.ಯ ‘ಫೈರ್’ ಎಂಜಿನ್. ಪೂರ್ಣವಾಗಿ ರೋಬಾಟುಗಳ ಜೋಡಣೆಗೆಂದೇ ರೂಪಿಸಿದ ಎಂಜಿನ್ ಎಂಬ ಅರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ಈ ಹೆಸರು ಬಂದಿದೆ. ದಕ್ಷಿಣ ಇಟಲಿಯ ತೆರ್ಮೊಲಿ ಕಾರ್ಖಾನೆಯಲ್ಲಿ ಯಂತ್ರಗಳು ತಪ್ಪಿಲ್ಲದೆ ಜೋಡಿಸುವಂತಾಗಬೇಕಾದರೆ ಬಿಡಿಭಾಗಗಳ ಸಂಖ್ಯೆ ಕಡಿಮೆಯಿರಬೇಕಾಗಿತ್ತು. ಭಾಗಗಳು ಕಡಿಮೆಯಾದಂತೆ ತೂಕ ಇಳಿಯಿತು, ಕೆಡುವ ಸಾಧ್ಯತೆಯೂ ಇಳಿಯಿತು. ವಾಲ್ವುಗಳನ್ನು ಆಡಿಸುವ ಶಾಫ್ಟಿಗೆ ಚಾಲನೆ ಕೊಡುವ ಟೈಮಿಂಗ್ ಬೆಲ್ಟು ಓಡುತ್ತಿರುವಾಗಲೇ ತುಂಡಾದರೆ, ಹಲವು ಎಂಜಿನ್ನುಗಳಲ್ಲಿ ವಾಲ್ವುಗಳಿಗೆ ಪಿಸ್ಟನ್ ಬಡಿದು ಎಲ್ಲವೂ ಹಾಳಾಗುತ್ತದೆ. ಆರಂಭದ ಫೈರ್ ಎಂಜಿನ್ನಿನಲ್ಲಿ ಇವೆರಡರ ನಡುವೆ ಸಾಕಷ್ಟು ಅಂತರ ಇದ್ದುದರಿಂದ ಹೊಸ ಬೆಲ್ಟು ಹಾಕಿದರೆ ಕಾರು ಮತ್ತೆ ಓಡುತ್ತಿತ್ತು. ರೋಬಾಟಿನ ಅನುಕೂಲಕ್ಕಾಗಿ ಮಾಡಿದ ಈ ಸರಳತೆ, ರೋಬಾಟುಗಳೇ ಇಲ್ಲದ ದೇಶಗಳ ಬೀದಿಬದಿ ಗ್ಯಾರೇಜುಗಳಿಗೆ ಇನ್ನೂ ಹೆಚ್ಚು ಅನುಕೂಲವಾದದ್ದು ಫಿಯೆಟ್ ಎಣಿಸಿರದ ಲಾಭ.

ಯುರೋಪಿನಲ್ಲಿ ಉಳಿದ ಬೆಳವಣಿಗೆ ಎಲ್ಲ ಕಾರುಗಳ ದಾರಿಯಲ್ಲೇ ಸಾಗಿತು. ಹುಡುಗರ ಆಸೆಯ ಟರ್ಬೊ ಮಾದರಿ ಬಂದಿತು, ಉಕ್ಕಿನ ಬೆಲ್ಟಿನ ನೆರವಿನಿಂದ ಗೇರು ಬದಲಿಸುವ ಗೊಡವೆಯಿಲ್ಲದೆ ಓಡುವ ಸೆಲೆಕ್ಟಾ ಮಾದರಿ ಬಂದಿತು, 1989ರಲ್ಲಿ ಮುಖ ಬದಲಾಯಿತು, 1993ರಲ್ಲಿ ಪುಂಟೊ ಎಂಬ ಹೊಸ ಕಾರು ಅದರ ಜಾಗಕ್ಕೆ ಬಂದಿತು, 1995ರಲ್ಲಿ ಇಟಲಿಯಲ್ಲಿ ಉನೊದ ತಯಾರಿಕೆ ನಿಂತಿತು.

ಬ್ರೆಜಿಲ್ಲಿನದು ಬೇರೆಯೇ ಕಥೆ. ಮಿನಾಸ್ ಜೆರೈಸ್ ರಾಜ್ಯದ ಬೆಚಿಂ ಎಂಬಲ್ಲಿ 1976ರಲ್ಲಿ ಕಾರ್ಖಾನೆ ತೆರೆದಿದ್ದ ಫಿಯೆಟ್, 127ರ ಸ್ಥಳೀಯ ರೂಪವಾದ 147 ಕಾರನ್ನು ಅಲ್ಲಿ ತಯಾರಿಸುತ್ತಿತ್ತು; 1979ರಲ್ಲಿ ಅದರದೇ ಒಂದು ಮಾದರಿ, ಕಬ್ಬಿನಿಂದ ತೆಗೆದ ಎಥನಾಲ್ ಕುಡಿದು ಓಡುವ ಜಗತ್ತಿನ ಮೊದಲ ದೊಡ್ಡ ಪ್ರಮಾಣದ ಕಾರಾಯಿತು. 1984ರಲ್ಲಿ ಉನೊ ಬಂದಾಗ ಬ್ರೆಜಿಲ್ಲಿನ ಎಂಜಿನಿಯರುಗಳು ಜುಜಾರೊ ಅವರ ರೂಪವನ್ನು ಉಳಿಸಿಕೊಂಡು, ಅದರಡಿಯಲ್ಲಿ ತಮಗೆ ಪರಿಚಿತವಾದ 147ರ ಅಂಗಾಂಗಗಳನ್ನು ಕೂರಿಸಿದರು. ಹಳ್ಳದಿಣ್ಣೆಯ ಮಣ್ಣುರಸ್ತೆಗಳಿಗೆ ಇಟಲಿಯ ಹಿಂಬದಿ ಆಕ್ಸಲ್ ಸಾಲದೆಂದು, ಅಡ್ಡಲಾಗಿ ಜೋಡಿಸಿದ ಲೀಫ್ ಸ್ಪ್ರಿಂಗ್, ಅಂದರೆ ಲಾರಿಗಳಲ್ಲಿ ಕಾಣುವ ಉಕ್ಕಿನ ಪಟ್ಟಿಯ ಬಗೆಯ ಸ್ಪ್ರಿಂಗ್ ಇರುವ ಹಳೆಯ ವ್ಯವಸ್ಥೆಯನ್ನೇ ಇಟ್ಟುಕೊಂಡರು. ಅದು ಹಿಂಬದಿಯಲ್ಲಿ ಜಾಗ ತಿಂದದ್ದರಿಂದ ಸ್ಟೆಪ್ನಿ ಚಕ್ರ ಬಾನೆಟ್ಟಿನ ಕೆಳಗೆ ಎಂಜಿನ್ನಿನ ಪಕ್ಕಕ್ಕೆ ಹೋಯಿತು, ಅದಕ್ಕೆ ಹೊಂದುವಂತೆ ಬಾನೆಟ್ಟಿನ ಆಕಾರವೂ ಬದಲಾಯಿತು. ಮೇಲ್ನೋಟದ ಹೋಲಿಕೆಯನ್ನು ಬಿಟ್ಟರೆ, ಇಟಲಿಯ ಮೆಕ್ಯಾನಿಕ್ಕನೊಬ್ಬ ಬ್ರೆಜಿಲ್ಲಿನ ಉನೊ ಎದುರು ನಿಂತು ತಬ್ಬಿಬ್ಬಾಗಬಹುದಿತ್ತು.

ಅದರ ಭಾಗ್ಯ ತೆರೆದದ್ದು ತೆರಿಗೆಯ ಮೂಲಕ. 1990ರಲ್ಲಿ ಅಧಿಕಾರಕ್ಕೆ ಬಂದ ಅಧ್ಯಕ್ಷ ಫೆರ್ನಾಂಡೊ ಕೊಲ್ಲೊರ್, ತಮ್ಮ ದೇಶದ ಕಾರುಗಳು ಗಾಡಿಬಂಡಿಗಳಂತಿವೆಯೆಂದು ಬಹಿರಂಗವಾಗಿಯೇ ಹಳಿದವರು. ಅವರ ಸರ್ಕಾರ 1000 ಸಿ.ಸಿ.ಯೊಳಗಿನ ಎಂಜಿನ್ನಿನ ಕಾರುಗಳ ಮೇಲಿನ ತೆರಿಗೆಯನ್ನು ಇಳಿಸಿತು. ಪೈಪೋಟಿಯ ಕಂಪನಿಗಳು ಕಣ್ಣುಬಿಡುವ ಮೊದಲೇ ಫಿಯೆಟ್ ಕೆಲವೇ ತಿಂಗಳಲ್ಲಿ 994 ಸಿ.ಸಿ.ಯ ಉನೊ ಮಿಲ್ಲೆಯನ್ನು ತಂದು, ಎಡಗಡೆ ಕನ್ನಡಿಯೊಂದನ್ನು ಬಿಟ್ಟು ಮಿಕ್ಕ ಅಲಂಕಾರಗಳನ್ನೆಲ್ಲ ಕಳಚಿದ ಅಗ್ಗದ ಕಾರಿಗೆ ಇಡೀ ಮಧ್ಯಮವರ್ಗ ಕಾದಿದೆಯೆಂಬುದನ್ನು ಸಾಬೀತು ಮಾಡಿತು. ಚರಿತ್ರೆಯ ಕುಚೋದ್ಯವೆಂದರೆ, ಎರಡು ವರ್ಷಗಳ ಬಳಿಕ ಅದೇ ಕೊಲ್ಲೊರ್ ಭ್ರಷ್ಟಾಚಾರದ ಆರೋಪದಲ್ಲಿ ಅಧಿಕಾರ ಕಳೆದುಕೊಳ್ಳುವಾಗ, ನಕಲಿ ಖಾತೆಯ ಚೆಕ್ಕಿನಿಂದ ಅವರಿಗಾಗಿ ಕೊಂಡಿದ್ದೆಂದು ಸಾಕ್ಷ್ಯಕ್ಕೆ ಬಂದ ವಾಹನ ಫಿಯೆಟ್ ಎಲ್ಬಾ, ಅಂದರೆ ಉನೊದಿಂದಲೇ ಹುಟ್ಟಿದ ಉದ್ದನೆಯ ಕಾರು. ದೂರವಾಣಿ, ವಿದ್ಯುತ್ ಕಂಪನಿಗಳ ಕೆಲಸಗಾರರು ಛಾವಣಿಗೆ ಏಣಿ ಕಟ್ಟಿಕೊಂಡು ಓಡಿಸುವ ಉನೊಗಿಂತ ವೇಗದ ಕಾರು ಜಗತ್ತಿನಲ್ಲಿಲ್ಲ ಎಂಬುದು ಬ್ರೆಜಿಲ್ಲಿನಲ್ಲಿ ಇಂದಿಗೂ ಬಳಕೆಯಲ್ಲಿರುವ ತಮಾಷೆ.

ಪೋಲೆಂಡ್, ಟರ್ಕಿ, ಮೊರಾಕೊ, ಪಾಕಿಸ್ತಾನಗಳಲ್ಲೂ ಉನೊ ಬೇರೆ ಬೇರೆ ಅವಧಿಗೆ ತಯಾರಾಯಿತು. ದಕ್ಷಿಣ ಆಫ್ರಿಕದಲ್ಲಿ ಜಪಾನಿನ ನಿಸಾನ್ ಕಂಪನಿಯ ರೋಸ್ಲಿನ್ ಕಾರ್ಖಾನೆ ಅದನ್ನು 1990ರಿಂದ 2006ರವರೆಗೆ ಜೋಡಿಸಿತು. ಈ ಹರಡುವಿಕೆಗೆ ಮೊದಲೇ ಬರೆದಿಟ್ಟ ಯೋಜನೆಯೇನೂ ಇರಲಿಲ್ಲ. ಅದನ್ನು ಕಂಡು ಪಾಠ ಕಲಿತ ಫಿಯೆಟ್, ಬಡ ಮತ್ತು ಬೆಳೆಯುತ್ತಿರುವ ದೇಶಗಳಿಗೆಂದೇ ಒಂದೇ ನಕ್ಷೆಯ ‘ಜಾಗತಿಕ ಕಾರು’ ಮಾಡಹೊರಟಿತು. ಟ್ಯೂರಿನ್ನಿನ ಇದೆಯಾ ಸಂಸ್ಥೆ ರೂಪಿಸಿದ ಆ ಪಾಲಿಯೊ 1996ರ ಏಪ್ರಿಲ್‌ನಲ್ಲಿ ಬ್ರೆಜಿಲ್ಲಿನಲ್ಲೇ ಮೊದಲು ಬಿಡುಗಡೆಯಾಯಿತು. ಪಾಲಿಯೊ ಸೋತ ಕಾರಲ್ಲ. 2014ರಲ್ಲಿ ಅದು ಫೋಕ್ಸ್‌ವ್ಯಾಗನ್ ಗೋಲ್ ಕಾರಿನ 27 ವರ್ಷಗಳ ಅಗ್ರಸ್ಥಾನವನ್ನು ಮುರಿಯಿತು. ಆದರೆ ತಾನು ಯಾವ ಕಾರನ್ನು ಹಿಂದಿಕ್ಕಬೇಕಾಗಿತ್ತೋ ಆ ಮಿಲ್ಲೆ ಅದರ ಪಕ್ಕದಲ್ಲೇ ಇನ್ನೂ ಹದಿನೇಳು ವರ್ಷ ಮಾರಾಟವಾಯಿತು. ಯೋಜಿಸಿ ಮಾಡಿದ ಜಾಗತಿಕ ಕಾರಿಗೂ, ಅಲ್ಲಲ್ಲಿಯ ರಸ್ತೆ ಮತ್ತು ತೆರಿಗೆಗೆ ತಕ್ಕಂತೆ ತಿದ್ದಿಕೊಂಡು ಜಗತ್ತನ್ನು ಮುಟ್ಟಿದ ಕಾರಿಗೂ ಇರುವ ವ್ಯತ್ಯಾಸ ಇಲ್ಲಿ ಕಾಣುತ್ತದೆ. 2014ರಿಂದ ಬ್ರೆಜಿಲ್ಲಿನ ಹೊಸ ಕಾರುಗಳಿಗೆ ಏರ್‌ಬ್ಯಾಗೂ ಬ್ರೇಕು ಬಿಗಿಯಾಗಿ ಜಾರದಂತೆ ತಡೆಯುವ ಎಬಿಎಸ್ ವ್ಯವಸ್ಥೆಯೂ ಕಡ್ಡಾಯವಾಗಲಿದ್ದಾಗ, ಹಳೆಯ ದೇಹದಲ್ಲಿ ಅವನ್ನು ಅಳವಡಿಸುವುದು ಲಾಭದಾಯಕವಲ್ಲದ್ದರಿಂದ 2013ರ ಡಿಸೆಂಬರ್‌ನಲ್ಲಿ ಮಿಲ್ಲೆಯ ತಯಾರಿಕೆ ಮುಗಿಯಿತು.

ಭಾರತಕ್ಕೆ ಉನೊ ಬಂದದ್ದು ಹಳೆಯ ನೆಂಟಸ್ತನದ ದಾರಿಯಲ್ಲಿ. ಮುಂಬಯಿಯ ಪ್ರೀಮಿಯರ್ ಆಟೋಮೊಬೈಲ್ಸ್ ದಶಕಗಳ ಕಾಲ ಫಿಯೆಟ್ 1100ನ್ನು ತಯಾರಿಸಿ, ಆಮೇಲೆ ಅದಕ್ಕೆ ಪದ್ಮಿನಿ ಎಂದು ಹೆಸರಿಟ್ಟಿದ್ದರೂ, ಕರ್ನಾಟಕದ ಊರುಗಳಲ್ಲಿ ಜನ ಅದನ್ನು ಕೊನೆಯವರೆಗೂ ಫಿಯೆಟ್ ಎಂದೇ ಕರೆದರು. ಆ ನಂಬಿಕೆಯ ಬಲದಿಂದ 1996ರಲ್ಲಿ ಉನೊಗೆ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಮುಂಗಡ ಕಟ್ಟಿದರು. ಆದರೆ ಕುರ್ಲಾ ಕಾರ್ಖಾನೆಯಲ್ಲಿ ಕಾರ್ಮಿಕ ವಿವಾದ ತಲೆದೋರಿ ತಯಾರಿಕೆ ಸ್ಥಗಿತಗೊಂಡಿತು, ಕಾದು ಬೇಸತ್ತ ಬಹುಪಾಲು ಜನ ಹಣ ವಾಪಸ್ಸು ಪಡೆದರು. ಬ್ರೆಜಿಲ್ಲಿನಲ್ಲಿ ಉನೊವನ್ನು ಗೆಲ್ಲಿಸಿದ್ದು ಚೆನ್ನಾಗಿ ನಡೆಯುವ ಒಂದು ಸ್ಥಳೀಯ ಕಾರ್ಖಾನೆ ಮತ್ತು ತಿದ್ದುವ ಸ್ವಾತಂತ್ರ್ಯವಿದ್ದ ಎಂಜಿನಿಯರುಗಳು. ಇಲ್ಲಿ ಬೇಡಿಕೆಯಿತ್ತು, ಅವೆರಡೂ ಇರಲಿಲ್ಲ. 2001ರಲ್ಲಿ ಸಚಿನ್ ತೆಂಡೂಲ್ಕರ್ ಅವರನ್ನು ರಾಯಭಾರಿಯಾಗಿಸಿ ಪಾಲಿಯೊವನ್ನು ತಂದಾಗ ಮೊದಮೊದಲು ಒಳ್ಳೆಯ ಸ್ವಾಗತ ಸಿಕ್ಕಿತಾದರೂ, ಗಟ್ಟಿಮುಟ್ಟಾದ ಆ ಕಾರಿನ ಮೈಲೇಜಿನ ಬಗ್ಗೆಯೂ ಸರ್ವೀಸಿನ ಬಗ್ಗೆಯೂ ದೂರುಗಳು ಬೆಳೆದು ಮಾರಾಟ ಕುಸಿಯಿತು.

ಹಾಗಿದ್ದೂ ಇಟಲಿಯ ಸಣ್ಣ ಕಾರಿನ ವಿದ್ಯೆ ಭಾರತದಲ್ಲಿ ಬೇರೆ ಹೆಸರುಗಳಲ್ಲಿ ಮಾರಾಟವಾಯಿತು. ಟಾಟಾ ಕಂಪನಿಯ 1998ರ ಇಂಡಿಕಾಕ್ಕೆ ರೂಪ ಕೊಟ್ಟದ್ದು ಪಾಲಿಯೊವನ್ನು ರೂಪಿಸಿದ ಇದೆಯಾ ಸಂಸ್ಥೆಯೇ. ಫಿಯೆಟ್ಟಿನ 1248 ಸಿ.ಸಿ. ಮಲ್ಟಿಜೆಟ್ ಡೀಸೆಲ್ ಎಂಜಿನ್ನನ್ನು ಮಾರುತಿ ಸುಜುಕಿ ಪರವಾನಗಿ ಪಡೆದು ತಯಾರಿಸಿ, ಸ್ವಿಫ್ಟ್, ಡಿಜೈರ್ ಕಾರುಗಳಲ್ಲಿ ಕೂರಿಸಿತು. ಟಾಟಾದ ಕಾರುಗಳೂ ಅದನ್ನು ಬಳಸಿಕೊಂಡವು, ಬೆಂಗಳೂರಿನ ಟ್ಯಾಕ್ಸಿಗಳ ದೊಡ್ಡ ಪಾಲು ಅದರ ಮೇಲೆಯೇ ಓಡಿತು. 2020ರ ಏಪ್ರಿಲ್ 1ರಿಂದ ಬಿಎಸ್-6 ಎಂಬ ಬಿಗಿಯಾದ ಹೊಗೆ ನಿಯಮ ಜಾರಿಗೆ ಬಂದಾಗ, ಸಣ್ಣ ಡೀಸೆಲ್ ಎಂಜಿನ್ನನ್ನು ಅದಕ್ಕೆ ಹೊಂದಿಸುವ ಖರ್ಚು ಕಾರಿನ ಬೆಲೆಗೆ ಹೊಂದದ್ದೆಂದು ಲೆಕ್ಕ ಹಾಕಿದ ಮಾರುತಿ, ಆ ಎಂಜಿನ್ನಿನ ತಯಾರಿಕೆಯನ್ನು ಕೈಬಿಟ್ಟಿತು.